ನಾಯಿಯ ಕೀಲುನೋವಿಗೆ ಸ್ಟೆಮ್ ಸೆಲ್: ಕೊಬ್ಬಿನದೋ, ಮೂಳೆ ಮಜ್ಜೆಯದೋ, ಹೊಕ್ಕುಳಬಳ್ಳಿಯದೋ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ನಾಯಿ ಸಾಕುವವರು ಈಗೀಗ ಒಂದೇ ಥರದ ಪ್ರಶ್ನೆ ಕೇಳುತ್ತಿದ್ದಾರೆ. "ನಮ್ಮ ಲ್ಯಾಬ್ರಡಾರ್‌ಗೆ ಎಂಟು ವರ್ಷ. ಹಿಂಗಾಲು ಎಳೆಯುತ್ತದೆ. ಜಗಲಿ ಹತ್ತಲು ಒದ್ದಾಡುತ್ತದೆ. ಸ್ಟೆಮ್ ಸೆಲ್ ಹಾಕಿಸಿ ಅಂತ ಹೇಳಿದರು. ಒಬ್ಬರು ಕೊಬ್ಬಿನಿಂದ ತೆಗೆಯೋಣ ಅನ್ನುತ್ತಾರೆ, ಇನ್ನೊಬ್ಬರು ಮೂಳೆ ಮಜ್ಜೆಯೇ ಒಳ್ಳೆಯದು ಅನ್ನುತ್ತಾರೆ, ಮತ್ತೊಬ್ಬರು ಹೊಕ್ಕುಳಬಳ್ಳಿಯದು ತರಿಸಿಕೊಡುತ್ತೇವೆ ಅನ್ನುತ್ತಾರೆ. ಯಾವುದನ್ನು ಆರಿಸುವುದು?" ಖರ್ಚು ದೊಡ್ಡದು, ದಾರಿ ದೂರ, ನೋವು ಎಷ್ಟಿದೆ ಅಂತ ಹೇಳಲು ನಾಯಿಗೆ ಬಾಯಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಗೆ ನಿಜವಾಗಿ ಏನಾಗಿದೆ ಅನ್ನುವುದು ಮೊದಲ ಪ್ರಶ್ನೆ. ಕೋಶಗಳು ಜೀವಂತವಾಗಿ, ಬೇಕಾದಷ್ಟು ಸಂಖ್ಯೆಯಲ್ಲಿ ಕೀಲಿನೊಳಗೆ ತಲುಪುತ್ತವೆಯೇ ಅನ್ನುವುದು ಎರಡನೆಯದು. ಅವು ದೇಹದ ಯಾವ ಭಾಗದಿಂದ ಬಂದವು ಅನ್ನುವುದು ಮೂರನೆಯದು. ಜಾಹೀರಾತುಗಳು ಮಾತಾಡುವುದು ಈ ಮೂರನೆಯದರ ಬಗ್ಗೆ ಮಾತ್ರ.

ಈ ಕೋಶಗಳಿಂದ ಏನನ್ನು ನಿರೀಕ್ಷಿಸಬಹುದು

ನಾಯಿಗಳ ಚಿಕಿತ್ಸೆಯಲ್ಲಿ ಬಳಸುವುದು ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಜಾತಿಯ ಕೋಶಗಳನ್ನು. ಮೂಳೆ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ, ಮಾಸು, ಹಲ್ಲಿನ ಒಳತಿರುಳು, ಕೀಲಿನ ಒಳಪೊರೆ, ಎಲ್ಲದರಲ್ಲೂ ಇವು ಸಿಗುತ್ತವೆ. ಕೀಲಿನೊಳಗೆ ಹಾಕಿದರೆ ಸವೆದ ಕಾರ್ಟಿಲೇಜ್ (ಮೂಳೆಯ ತುದಿಯ ನುಣುಪಾದ ಮೆತ್ತೆ) ಮತ್ತೆ ಹೊಸದಾಗಿ ಬೆಳೆದುಬಿಡುತ್ತದೆ ಅಂತ ಅನೇಕರು ನಂಬಿದ್ದಾರೆ. ಹಾಗಾಗುವುದಿಲ್ಲ. ಹಾಕಿದ ಕೋಶಗಳಲ್ಲಿ ಹೆಚ್ಚಿನವು ಬಹಳ ದಿನ ಅಲ್ಲಿ ಉಳಿಯುವುದೂ ಇಲ್ಲ. ಇದ್ದಷ್ಟು ದಿನ ಅವು ಉರಿಯೂತ ತಗ್ಗಿಸುವ ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ. ಅದರಿಂದ ಊತ ಮತ್ತು ನೋವು ಇಳಿಯಬಹುದು, ನಾಯಿ ಕಾಲು ಊರಬಹುದು. ಈ ಪರಿಣಾಮ ಕೆಲವು ತಿಂಗಳು ಇರಬಹುದು, ಆಮೇಲೆ ಮತ್ತೆ ಹಾಕಿಸಬೇಕಾಗಿ ಬರಬಹುದು. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳುಗಳು ಇದ್ದಲ್ಲೇ ಇರುತ್ತವೆ.

ಆದ್ದರಿಂದ ಕೆಲವು ತೊಂದರೆಗಳಿಗೆ ಯಾವ ಮೂಲದ ಕೋಶವೂ ಉತ್ತರವಲ್ಲ. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಎಂಬ ಪಟ್ಟಿ ಹರಿದು ಕೀಲು ಜಾರುತ್ತಿದ್ದರೆ ಅದನ್ನು ಬಿಗಿ ಮಾಡುವ ಆಪರೇಷನ್ ಬೇಕು. ಕೀಲಿನಲ್ಲಿ ಕೀವು ಇದ್ದರೆ, ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದ್ದರೆ ಈ ಚಿಕಿತ್ಸೆಯ ಮಾತೇ ಬೇಡ. ಬೆನ್ನೆಲುಬಿನ ಡಿಸ್ಕ್ ಜಾರಿ ಹಿಂಗಾಲುಗಳಲ್ಲಿ ನೋವಿನ ಅರಿವೂ ಹೋಗಿದ್ದರೆ ಗಂಟೆಗಳೇ ಮುಖ್ಯ. ಆಗ ಮೊದಲು ಸರ್ಜನ್ ಹತ್ತಿರ ಓಡಬೇಕು.

ನಮ್ಮೂರಿಗೆ ತುಂಬ ಮುಖ್ಯವಾದ ಇನ್ನೊಂದು ವಿಷಯ ಇದೆ. ತೋಟ, ಗುಡ್ಡೆ ಸುತ್ತುವ ನಾಯಿಗೆ ಉಣುಗು ಹತ್ತುವುದು ತಪ್ಪುವುದಿಲ್ಲ. ಉಣುಗಿನಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಸೋಂಕುಗಳಿಗೆ ಎಲ್ಲರೂ ಟಿಕ್ ಫೀವರ್ ಅನ್ನುತ್ತಾರೆ. ಈ ಜ್ವರದಲ್ಲಿ, ಅದರಲ್ಲೂ ಎರ್ಲಿಕಿಯಾದಲ್ಲಿ, ಕೀಲುಗಳು ಬಾತು ನಾಯಿ ಕುಂಟುವುದುಂಟು. ವಯಸ್ಸಾದ ನಾಯಿ ಕುಂಟಿದರೆ ಎಲ್ಲರೂ ಸಂಧಿವಾತ ಅಂದುಕೊಳ್ಳುತ್ತಾರೆ. ರಕ್ತಪರೀಕ್ಷೆ ಮಾಡಿಸಿದರೆ ಎರ್ಲಿಕಿಯಾ ಸಿಕ್ಕಿ, ಕೆಲವು ವಾರಗಳ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯಲ್ಲೇ ನಾಯಿ ನೆಟ್ಟಗಾಗಬಹುದು. ಜತೆಗೆ ಎರ್ಲಿಕಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ಅದು ಗೊತ್ತಿಲ್ಲದೆ ಮಜ್ಜೆ ತೆಗೆಯಲು ಮೂಳೆಗೆ ಸೂಜಿ ಚುಚ್ಚಿದರೆ ರಕ್ತ ನಿಲ್ಲುವುದು ಕಷ್ಟ. ಸ್ಟೆಮ್ ಸೆಲ್ ವಿಚಾರಿಸುವ ಮೊದಲು ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಎರಡೂ ಆಗಿರಬೇಕು. ಪಂಚಾಯತಿನ ಮೃಗಾಸ್ಪತ್ರೆಯ ಡಾಕ್ಟ್ರ ಹತ್ತಿರ ಇದನ್ನು ಶುರು ಮಾಡಬಹುದು. ದನದ ಡಾಕ್ಟ್ರು ಅಂತ ಕರೆದರೂ ಅವರು ನಾಯಿಗಳನ್ನೂ ದಿನಾ ನೋಡುವವರೇ.

ಯಾವ ಅಳತೆಯಲ್ಲಿ ತೂಗುವುದು

ರೋಗ ಯಾವುದು ಅಂತ ಖಚಿತವಾದ ಮೇಲೆ, ಪ್ರತಿ ಆಯ್ಕೆಗೂ ನಾನು ಕೇಳುವ ಪ್ರಶ್ನೆಗಳಿವು. ಕೋಶ ತೆಗೆಯಲು ನಾಯಿಗೆ ಎಷ್ಟು ಸಲ ಅರಿವಳಿಕೆ ಕೊಡಬೇಕು? ಈ ವಯಸ್ಸಿನ ನಾಯಿಯ ಕೋಶಕ್ಕೆ ಚುರುಕು ಉಳಿದಿದೆಯೇ? ತೆಗೆದ ದಿನವೇ ಹಾಕುತ್ತಾರೋ, ಲ್ಯಾಬಿಗೆ ಕಳಿಸಿ ಬೆಳೆಸುತ್ತಾರೋ? ನಾವು ಎಷ್ಟು ಸಲ ಎಷ್ಟು ದೂರ ಓಡಾಡಬೇಕು? ಅದೇ ಮೂಲದ ಕೋಶವನ್ನು ಅದೇ ಕಾಯಿಲೆಯ ನಾಯಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆಯೇ? ಹಣದ ಲೆಕ್ಕ ಕೊನೆಗೆ ಈ ಉತ್ತರಗಳ ಮೇಲೆಯೇ ನಿಲ್ಲುತ್ತದೆ.

ನಾಯಿಯದೇ ಕೊಬ್ಬು

ಇವತ್ತು ನಾಯಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಅಧ್ಯಯನ ಆಗಿರುವುದೂ ಕೊಬ್ಬಿನ ಕೋಶಗಳೇ. ಹೊಟ್ಟೆಯ ಒಳಗಿನ ಫಾಲ್ಸಿಫಾರ್ಮ್ ಎಂಬ ಪಟ್ಟಿಯಿಂದ, ತೊಡೆಸಂದಿಯಿಂದ, ಇಲ್ಲವೇ ಹೆಗಲ ಹಿಂದಿನ ಚರ್ಮದ ಅಡಿಯಿಂದ ಕೆಲವು ಚಮಚದಷ್ಟು ಕೊಬ್ಬು ತೆಗೆಯುತ್ತಾರೆ. ಅದನ್ನು ಕೊಲಾಜಿನೇಸ್ ಎಂಬ ಎಂಜೈಮಿನಲ್ಲಿ ಕರಗಿಸಿ, ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ಕೋಶಗಳು ತಳದಲ್ಲಿ ನಿಲ್ಲುತ್ತವೆ. ಆ ತಳದ ಮಿಶ್ರಣವನ್ನು ಅವತ್ತೇ ಕೀಲಿಗೆ ಹಾಕಬಹುದು. ಬೇಡವೆಂದರೆ ಅದರಿಂದ ಸ್ಟೆಮ್ ಸೆಲ್ ಮಾತ್ರ ಆರಿಸಿ ಲ್ಯಾಬಿನಲ್ಲಿ ಎರಡರಿಂದ ನಾಲ್ಕು ವಾರ ಬೆಳೆಸಬಹುದು.

ಕೊಬ್ಬಿನ ಬಲ ಇರುವುದು ಸಂಖ್ಯೆಯಲ್ಲಿ. ಅದರಿಂದ ಬಂದ ಕೋಶಗಳಲ್ಲಿ ನೂರಕ್ಕೆ ಒಂದಾದರೂ ಸ್ಟೆಮ್ ಸೆಲ್ ಇರುತ್ತದೆ, ಎಷ್ಟೋ ಸಲ ಇನ್ನೂ ಜಾಸ್ತಿ. ಮೂಳೆ ಮಜ್ಜೆಯಲ್ಲಾದರೆ ಒಂದು ಲಕ್ಷ ಕೋಶಕ್ಕೆ ಒಂದರಿಂದ ಹತ್ತರಷ್ಟು. ಕೊಬ್ಬಿನ ಕೋಶ ಲ್ಯಾಬಿನಲ್ಲೂ ಬೇಗ ಬೆಳೆಯುತ್ತದೆ. ಸೊಂಟದ ಕೀಲಿನ ಸಂಧಿವಾತಕ್ಕೆ ನಾಯಿಯದೇ ಕೊಬ್ಬಿನ ಕೋಶ ಹಾಕಿ, ಯಾವ ನಾಯಿಗೆ ಏನು ಹಾಕಿದ್ದೇವೆ ಎಂದು ನೋಡುವವರಿಗೆ ತಿಳಿಸದೆ ನಡೆಸಿದ ಅಮೆರಿಕದ ಅಧ್ಯಯನ 2007ರಲ್ಲೇ ಪ್ರಕಟವಾಯಿತು. 21 ನಾಯಿಗಳ ಸಣ್ಣ ಅಧ್ಯಯನ ಅದು. ಕೋಶ ಪಡೆದ ನಾಯಿಗಳ ಕುಂಟುವಿಕೆ ಮತ್ತು ನೋವು ಕೋಶ ಪಡೆಯದ ಗುಂಪಿಗಿಂತ ಕಡಿಮೆಯಾಗಿತ್ತು.

ಕಷ್ಟ ಇರುವುದು ಅರಿವಳಿಕೆಯಲ್ಲಿ. ಕೊಬ್ಬು ತೆಗೆಯುವುದು ಸಣ್ಣದಾದರೂ ಆಪರೇಷನ್ನೇ. ಎಂಟು ವರ್ಷದ ಗಟ್ಟಿಮುಟ್ಟಾದ ನಾಯಿಗೆ ಅದು ದೊಡ್ಡ ವಿಷಯವಲ್ಲ. ಹನ್ನೊಂದು ದಾಟಿ ಹೃದಯವೋ ಕಿಡ್ನಿಯೋ ಸೋತ ನಾಯಿಗೆ ದೊಡ್ಡ ವಿಷಯ. ಕೋಶ ಬೆಳೆಸಿ ಹಾಕುವುದಾದರೆ ಎರಡು ಸಲ ಮಂಪರು, ಎರಡು ಸಲ ಪ್ರಯಾಣ. ನಾಯಿ ಮುದಿಯಾದಷ್ಟೂ ಅದರ ಕೋಶಗಳು ನಿಧಾನವಾಗಿ ಬೆಳೆಯುತ್ತವೆ ಅನ್ನುವುದೂ ನೆನಪಿರಲಿ. ಇನ್ನೊಂದು ತಪ್ಪು ತಿಳಿವಳಿಕೆ ಇದೆ: ನಾಯಿ ದಪ್ಪ ಇದ್ದರೆ ಕೊಬ್ಬು ಧಾರಾಳ, ಹಾಗಾಗಿ ಒಳ್ಳೆಯದೇ ಅಂತ. ಬೇಕಾಗುವ ಕೊಬ್ಬು ತೆಳ್ಳಗಿನ ನಾಯಿಯಲ್ಲೂ ಸಾಮಾನ್ಯವಾಗಿ ಸಿಗುತ್ತದೆ. ದಪ್ಪ ನಾಯಿಗೆ ಅರಿವಳಿಕೆಯ ಅಪಾಯ ಮಾತ್ರ ಏರುತ್ತದೆ.

ನಾನು ಕಣ್ಣುಮುಚ್ಚಿ ಕೊಬ್ಬನ್ನೇ ಆರಿಸುವ ಒಂದು ಸಂದರ್ಭ ಇದೆ. ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸಲು ಹೊಟ್ಟೆ ತೆರೆಯುವುದು ಇದ್ದೇ ಇದೆ, ಅದಕ್ಕೆ ಹಿಪ್ ಡಿಸ್ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ) ಅಂತ ಎಕ್ಸ್‌ರೇಯಲ್ಲಿ ಗೊತ್ತಾಗಿದೆ ಅಂದುಕೊಳ್ಳಿ. ಅದೇ ಅರಿವಳಿಕೆಯಲ್ಲಿ ಫಾಲ್ಸಿಫಾರ್ಮ್ ಕೊಬ್ಬು ತೆಗೆಸಬಹುದು. ಮೊದಲೇ ಲ್ಯಾಬಿನ ಜತೆ ಮಾತಾಡಿಟ್ಟಿದ್ದರೆ ಎಳೆಯ, ಚುರುಕಾದ ಕೋಶಗಳನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡಿಸಬಹುದು. ಅದಕ್ಕೆ ವರ್ಷವರ್ಷ ಬಾಡಿಗೆ ಕಟ್ಟಬೇಕಾಗುತ್ತದೆ. ಜರ್ಮನ್ ಶೆಫರ್ಡ್, ರಾಟ್‌ವೀಲರ್ ಸಾಕುವವರು ಈ ಲೆಕ್ಕ ಹಾಕಿ ನೋಡಬಹುದು. ಆರೋಗ್ಯವಾಗಿರುವ ಊರ ನಾಯಿಗೆ ಅದರ ಅಗತ್ಯ ಇಲ್ಲ.

ಮೂಳೆ ಮಜ್ಜೆ

ಸೊಂಟದ ಮೂಳೆಯ ಅಂಚಿನಿಂದಲೋ ಮುಂಗಾಲ ಮೇಲ್ಮೂಳೆಯಿಂದಲೋ ದಪ್ಪ ಸೂಜಿಯಲ್ಲಿ ಮಜ್ಜೆ ಎಳೆಯುತ್ತಾರೆ. ಇದೂ ಅರಿವಳಿಕೆಯಲ್ಲೇ. ಹೊಲಿಗೆ ಇಲ್ಲ, ಗಾಯ ಸಣ್ಣದು, ಆದರೆ ನೋವು ಸಣ್ಣದಲ್ಲ. ನೋವಿನ ಔಷಧಿ ಸರಿಯಾಗಿ ಕೊಡಿಸಬೇಕು. ಎಳೆದ ಮಜ್ಜೆಯನ್ನು ತಿರುಗಿಸಿ ಸಾಂದ್ರ ಮಾಡಿ ಅವತ್ತೇ ಹಾಕಬಹುದು. ಇದಕ್ಕೆ ಎಂಜೈಮ್ ಬೇಡ, ಉಪಕರಣ ಸರಳ. ಆದರೆ ಸ್ಟೆಮ್ ಸೆಲ್ ಸಂಖ್ಯೆ ಕಡಿಮೆ. ಹೆಚ್ಚು ಬೇಕಾದರೆ ಬೆಳೆಸಲೇಬೇಕು, ಅಲ್ಲಿಗೆ ವಾರಗಳೂ ಖರ್ಚೂ ಏರುತ್ತವೆ.

ಮಜ್ಜೆಗೆ ಇನ್ನೂ ಬೆಲೆ ಇರುವುದು ಮೂಳೆಯ ಕೆಲಸದಲ್ಲಿ. ಮಜ್ಜೆಯ ಕೋಶಗಳಿಗೆ ಮೂಳೆಯಾಗುವ ಒಲವು ಜಾಸ್ತಿ. ಹೆದ್ದಾರಿಯಲ್ಲಿ ಗಾಡಿ ಬಡಿದು ಕಾಲು ಮುರಿದ ನಾಯಿ, ಪ್ಲೇಟ್ ಹಾಕಿ ತಿಂಗಳುಗಳಾದರೂ ಮುರಿದ ತುದಿಗಳು ಕೂಡಿಲ್ಲ ಅಂದುಕೊಳ್ಳಿ. ಎರಡನೇ ಆಪರೇಷನ್ ಹೇಗೂ ಆಗಬೇಕು. ಆಗ ಅಲ್ಲೇ ಮಜ್ಜೆ ತೆಗೆದು ಮುರಿತದ ಜಾಗಕ್ಕೆ ಹಾಕುವುದು ಅರ್ಥಪೂರ್ಣ. ಮುದಿ ನಾಯಿಯ ಸೊಂಟದ ಸಂಧಿವಾತಕ್ಕೆ ಮಾತ್ರ, ಕೊಬ್ಬು ಸಿಗುವಾಗ ಮಜ್ಜೆಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದರಂತೂ ಬೇಡವೇ ಬೇಡ.

ಬೇರೆ ನಾಯಿಯ ಕೋಶ, ಹೊಕ್ಕುಳಬಳ್ಳಿ

ಇಲ್ಲಿ ನಮ್ಮ ನಾಯಿಯಿಂದ ಏನೂ ತೆಗೆಯುವುದಿಲ್ಲ. ಎಳೆಯ, ಆರೋಗ್ಯವಂತ ದಾನಿ ನಾಯಿಯ ಕೊಬ್ಬಿನಿಂದಲೋ, ಹೆರಿಗೆಯಲ್ಲಿ ಸಿಕ್ಕ ಹೊಕ್ಕುಳಬಳ್ಳಿ, ಮಾಸಿನಿಂದಲೋ ಬೆಳೆಸಿ ಹೆಪ್ಪುಗಟ್ಟಿಸಿಟ್ಟ ಕೋಶಗಳು ಬಾಟಲಿಯಲ್ಲಿ ಬರುತ್ತವೆ. ತಾಯಿ ನಾಯಿ ಮಾಸನ್ನು ಹೆರುತ್ತಿದ್ದ ಹಾಗೆ ತಿಂದುಬಿಡುವುದರಿಂದ, ಇವು ಶುದ್ಧವಾಗಿ ಸಿಗುವುದು ಹೆಚ್ಚಾಗಿ ಸಿಸೇರಿಯನ್ ಆದಾಗ. ಬುಲ್‌ಡಾಗ್‌ನಂಥ ದೊಡ್ಡ ತಲೆಯ ತಳಿಗಳಲ್ಲಿ ಅದು ಸಾಮಾನ್ಯ. ಯಾರಿಗೂ ಹೆಚ್ಚಿನ ನೋವಿಲ್ಲ, ಬಿಸಾಡುವ ಭಾಗದಿಂದಲೇ ಔಷಧಿ ಬರುತ್ತದೆ. ಈ ವಿಷಯದಲ್ಲಿ ಹೊಕ್ಕುಳಬಳ್ಳಿ ಎಲ್ಲಕ್ಕಿಂತ ಮುಂದೆ.

ಬೇರೆ ನಾಯಿಯ ಕೋಶವನ್ನು ಮೈ ತಿರಸ್ಕರಿಸುವುದಿಲ್ಲವೇ ಅಂತ ಕೇಳುತ್ತೀರಿ ಅಲ್ವಾ? ಶುದ್ಧವಾಗಿ ಬೆಳೆಸಿದ ಸ್ಟೆಮ್ ಸೆಲ್‌ಗಳನ್ನು ರೋಗನಿರೋಧಕ ಶಕ್ತಿ ಅಷ್ಟು ಬೇಗ ಶತ್ರು ಅಂತ ಗುರುತಿಸುವುದಿಲ್ಲ. ಒಂದು ಡೋಸ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಂದೆರಡು ದಿನ ಕೀಲು ಸ್ವಲ್ಪ ಊದಬಹುದು. ಮತ್ತೆ ಮತ್ತೆ ಹಾಕಿದರೆ ಪ್ರತಿಕಾಯಗಳು ಹುಟ್ಟಬಹುದು. ಕೋಶ ಬೆಳೆಸಲು ಬಳಸುವ ಕರುವಿನ ಸೀರಂ ಸರಿಯಾಗಿ ತೊಳೆದು ಹೋಗಿಲ್ಲದಿದ್ದರೆ ಅದಕ್ಕೂ ಮೈ ಪ್ರತಿಕ್ರಿಯಿಸುತ್ತದೆ. ಇದನ್ನು ಕೇಳಿ ತಿಳಿದುಕೊಳ್ಳಿ. ಆದರೆ ಬೆಳೆಸದೆ ಅವತ್ತೇ ತೆಗೆದ ಕೊಬ್ಬಿನ ಮಿಶ್ರಣವನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಹಾಕುವಂತಿಲ್ಲ. ಅದರಲ್ಲಿ ರಕ್ತದ ಕೋಶಗಳೂ ಸೇರಿರುತ್ತವೆ.

ದಾನಿ ಕೋಶಕ್ಕೂ ಪುರಾವೆ ಇದೆ. 2016ರಲ್ಲಿ ಪ್ರಕಟವಾದ 74 ನಾಯಿಗಳ ಅಧ್ಯಯನದಲ್ಲಿ ದಾನಿ ನಾಯಿಯ ಕೊಬ್ಬಿನ ಕೋಶವನ್ನು ಒಂದೇ ಸಲ ಕೀಲಿಗೆ ಹಾಕಿ, ಬರೀ ದ್ರವ ಹಾಕಿದ ನಾಯಿಗಳೊಂದಿಗೆ ಹೋಲಿಸಿದರು. ಕೋಶ ಪಡೆದ ಗುಂಪು ಮುಂದಿತ್ತು. ಆದರೆ ಬರೀ ದ್ರವ ಪಡೆದವುಗಳಲ್ಲೂ ಅರ್ಧಕ್ಕಿಂತ ಜಾಸ್ತಿ ನಾಯಿಗಳು ಸುಧಾರಿಸಿವೆ ಅಂತ ಯಜಮಾನರು ಹೇಳಿದ್ದರು. ಪ್ರೀತಿಯ ಕಣ್ಣಿಗೆ ಸುಧಾರಣೆ ಬೇಗ ಕಾಣುತ್ತದೆ. ಯುರೋಪಿನಲ್ಲಿ 2022ರಲ್ಲಿ ನಾಯಿಗಳ ಸಂಧಿವಾತಕ್ಕೆ ಅನುಮತಿ ಪಡೆದ ಡಾಗ್‌ಸ್ಟೆಮ್ ಎಂಬ ಉತ್ಪನ್ನದಲ್ಲಿ ಇರುವುದು ಕುದುರೆಯ ಹೊಕ್ಕುಳಬಳ್ಳಿಯ ಕೋಶ. ನಾಯಿಯ ಕೀಲಿಗೆ ಕುದುರೆಯದು ನಡೆಯುತ್ತದೆ ಅಂದಮೇಲೆ, ಕೊಬ್ಬೋ ಮಜ್ಜೆಯೋ ಅನ್ನುವ ಜಗಳವೇ ಎಲ್ಲ ಅಲ್ಲ ಅನ್ನುವುದು ನನ್ನ ಮಾತು.

ದಾನಿ ಕೋಶದ ನಿಜವಾದ ಅಪಾಯ ದಾನಿಯಲ್ಲೇ ಇದೆ. ಎರ್ಲಿಕಿಯಾ, ಬಬೀಸಿಯಾ, ಇಲಿಜ್ವರ, ಹೃದಯಹುಳು, ಬ್ರೂಸೆಲ್ಲಾ, ಡಿಸ್ಟೆಂಪರ್, ಪಾರ್ವೋ, ಇವೆಲ್ಲ ಇಲ್ಲ ಅಂತ ಪರೀಕ್ಷಿಸಿದ ಕಾಗದ ಇರಬೇಕು. ಇನ್ನೊಂದು ಅಪಾಯ ದಾರಿಯದು. ಹೆಪ್ಪುಗಟ್ಟಿಸಿದ ಕೋಶ ಒಮ್ಮೆ ಕರಗಿದರೆ ಕೆಲವೇ ಗಂಟೆಗಳಲ್ಲಿ ಹಾಕಿಬಿಡಬೇಕು. ಬೆಂಗಳೂರಿನ ಲ್ಯಾಬಿನಿಂದ ಐಸ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹಾಕಿ, ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಸಿ, ಅಲ್ಲಿಂದ ಪೆರ್ಲಕ್ಕೋ ಉಪ್ಪಳಕ್ಕೋ ತಂದು ಹಾಕುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ದ್ರವ ಸಾರಜನಕದ ಜಾಡಿಯಲ್ಲಿ ಬಂದು, ಹಾಕುವ ಜಾಗದಲ್ಲೇ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಜೀವಂತ ಕೋಶ ಎಣಿಸಿ ತೋರಿಸಬೇಕು. ನೂರಕ್ಕೆ 70ಕ್ಕಿಂತ ಕಡಿಮೆ ಜೀವಂತ ಇದ್ದರೆ ನಾನಾಗಿದ್ದರೆ ಹಾಕಿಸುವುದಿಲ್ಲ. ನಾಯಿಯನ್ನೇ ಲ್ಯಾಬ್ ಇರುವ ಊರಿಗೆ ಕಾರಿನಲ್ಲಿ ಕರೆದುಕೊಂಡು ಹೋಗುವುದು ಎಷ್ಟೋ ಮೇಲು.

ಉಳಿದ ಮೂಲಗಳು

ಮರಿಯ ಹಾಲುಹಲ್ಲಿನ ತಿರುಳಿನಲ್ಲಿ ಒಳ್ಳೆಯ ಕೋಶಗಳಿವೆ, ಆದರೆ ತೀರಾ ಸ್ವಲ್ಪ. ಕೀಲಿನ ಒಳಪೊರೆಯ ಕೋಶಕ್ಕೆ ಕಾರ್ಟಿಲೇಜ್ ಆಗುವ ಗುಣ ಚೆನ್ನಾಗಿದೆ, ಆದರೆ ತೆಗೆಯಲು ಕೀಲನ್ನೇ ತೆರೆಯಬೇಕು. ಇವೆರಡೂ ಸದ್ಯಕ್ಕೆ ಸಂಶೋಧನೆಯ ಮಾತು. ಭ್ರೂಣದ ಸ್ಟೆಮ್ ಸೆಲ್ ಅಂತ ಯಾರಾದರೂ ನಾಯಿಗೆ ಹಾಕಲು ಬಂದರೆ ಎದ್ದು ಬನ್ನಿ. ಅವು ಗೆಡ್ಡೆಯಾಗಿ ಬೆಳೆಯುವ ಅಪಾಯ ಇದೆ.

ಪಿಆರ್‌ಪಿ ಅನ್ನುವುದು ಬೇರೆಯೇ ವಸ್ತು. ಅದು ನಾಯಿಯದೇ ರಕ್ತದಿಂದ ಪ್ಲೇಟ್‌ಲೆಟ್ ಸಾಂದ್ರ ಮಾಡಿದ್ದು. ಅದರಲ್ಲಿ ಸ್ಟೆಮ್ ಸೆಲ್ ಇಲ್ಲ. ರಕ್ತ ತೆಗೆದರೆ ಸಾಕು, ಆಪರೇಷನ್ ಬೇಡ, ಖರ್ಚು ಎಲ್ಲಕ್ಕಿಂತ ಕಡಿಮೆ. ಹಣ ಬಿಗಿ ಇದ್ದವರಿಗೆ, ಸಂಧಿವಾತ ಈಗಷ್ಟೇ ಶುರುವಾದ ನಾಯಿಗೆ ಅದೊಂದು ಪ್ರಾಮಾಣಿಕ ಆಯ್ಕೆ. ಪಿಆರ್‌ಪಿಗೆ ಸ್ಟೆಮ್ ಸೆಲ್ ಬೆಲೆ ಹಾಕುವುದು ಮಾತ್ರ ಅನ್ಯಾಯ. ಬಿಲ್ಲಿನಲ್ಲಿ ಏನು ಬರೆದಿದೆ ಅಂತ ನೋಡಿ.

ಹಣ, ದಾರಿ, ಮತ್ತೆ ತೂಕ

ದರ ಊರೂರಿಗೆ ಬೇರೆ. ಹಾಗಾಗಿ ಖರ್ಚು ಎಲ್ಲಿಂದ ಹುಟ್ಟುತ್ತದೆ ಅಂತ ಹೇಳುತ್ತೇನೆ. ಅರಿವಳಿಕೆ ಒಂದೋ ಎರಡೋ, ಲ್ಯಾಬಿನಲ್ಲಿ ಬೆಳೆಸುವ ವಾರಗಳು ಎಷ್ಟು, ಎಷ್ಟು ಕೀಲು, ಎಷ್ಟು ಬಾಟಲಿ, ಎಷ್ಟು ಪ್ರಯಾಣ. ನಾಯಿಯದೇ ಕೋಶ ಬೆಳೆಸಿ ಹಾಕುವುದಕ್ಕೆ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಬೀಳುತ್ತದೆ. ಅವತ್ತೇ ತೆಗೆದು ಅವತ್ತೇ ಹಾಕುವುದು ಅದಕ್ಕಿಂತ ಕಡಿಮೆ, ಒಂದೇ ಪ್ರಯಾಣ. ಎರಡೂ ಸೊಂಟಕ್ಕೆ ಬೇಕಾದರೆ ದಾನಿ ಕೋಶದ ಬಾಟಲಿಗಳ ಲೆಕ್ಕ ಬೇಗ ಏರುತ್ತದೆ.

ಕೀಲುನೋವಿಗೆ ಕೋಶವನ್ನು ಕೀಲಿಗೇ ಹಾಕಬೇಕು ಅನ್ನುವುದು ನನ್ನ ನಿಲುವು. ನರಕ್ಕೆ ಡ್ರಿಪ್ ಹಾಕಿದಂತೆ ಕೊಟ್ಟರೆ ಹೆಚ್ಚಿನ ಕೋಶಗಳು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸುಲಭ ಅಂತ ಸುಮ್ನೆ ಅದಕ್ಕೆ ಒಪ್ಪಬೇಡಿ.

ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. ಕೇರಳದ ಪಶುವೈದ್ಯ ಕಾಲೇಜುಗಳು ವಯನಾಡಿನ ಪೂಕೋಡ್ ಮತ್ತು ತೃಶ್ಶೂರಿನ ಮಣ್ಣುತ್ತಿಯಲ್ಲಿವೆ, ಕರ್ನಾಟಕದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ಹಾಸನ, ಶಿವಮೊಗ್ಗದಲ್ಲಿ ಇವೆ. ಖಾಸಗಿಯವರಿಗೆ ಮುಂಗಡ ಕೊಡುವ ಮೊದಲು ಇವುಗಳ ಸರ್ಜರಿ ವಿಭಾಗಕ್ಕೆ ಫೋನ್ ಮಾಡಿ, ಈ ಚಿಕಿತ್ಸೆ ಮಾಡುತ್ತಾರೋ ಇಲ್ಲವೋ ಕೇಳಿ. ಎಕ್ಸ್‌ರೇಯ ಪ್ರತಿ ಕಳಿಸಿದರೆ ಎರಡನೇ ಅಭಿಪ್ರಾಯವಾದರೂ ಸಿಗಬಹುದು.

ಇನ್ನು, ಕಾಸಿಲ್ಲದೆ ಆಗುವ ಚಿಕಿತ್ಸೆಯ ಬಗ್ಗೆ. ದಪ್ಪ ನಾಯಿ ತನ್ನ ತೂಕದಲ್ಲಿ ನೂರಕ್ಕೆ ಆರರಷ್ಟು ಇಳಿಸಿದರೂ ಕುಂಟುವಿಕೆ ಕಡಿಮೆಯಾಗುತ್ತದೆ ಅಂತ ಅಳೆದು ನೋಡಿದ್ದಾರೆ. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಾಲುಭಾಗ ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಉಳಿದವು 11 ವರ್ಷದಷ್ಟು. ಕಡಿಮೆ ತಿಂದವುಗಳಿಗೆ ಸಂಧಿವಾತವೂ ತಡವಾಗಿ ಬಂತು. ಮೂರು ಹೊತ್ತು ಕುಚ್ಚಲಕ್ಕಿ ಅನ್ನ, ನಡುವೆ ದೋಸೆ, ಬಿಸ್ಕತ್ತು ತಿನ್ನುವ ನಾಯಿಗೆ ಯಾವ ಕೋಶ ಹಾಕಿಸಿದರೂ ಆ ಸೊಂಟ ಎಷ್ಟು ದಿನ ತಡೆದೀತು? ತೂಕ ಇಳಿಸಿ ಮೂರು ತಿಂಗಳು ನೋಡಿ. ಹಾಗೆಯೇ ನಮ್ಮ ಮನೆಯ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ.

ಯಾರಿಗೆ ಯಾವುದು

ಎಂಟರ ಆಸುಪಾಸಿನ, ರಕ್ತಪರೀಕ್ಷೆ ಸರಿಯಿರುವ, ಸೊಂಟದ ಸಂಧಿವಾತದ ನಾಯಿಗೆ: ಅವತ್ತೇ ತೆಗೆದು ಹಾಕುವ ನಾಯಿಯದೇ ಕೊಬ್ಬು. ಒಂದೇ ಅರಿವಳಿಕೆ, ಒಂದೇ ಪ್ರಯಾಣ. ಹನ್ನೊಂದು ದಾಟಿದ, ಅರಿವಳಿಕೆ ತಾಳದ ನಾಯಿಗೆ: ದಾನಿ ಕೋಶ. ಕೊಬ್ಬಿನದಾದರೂ ಹೊಕ್ಕುಳಬಳ್ಳಿಯದಾದರೂ ಪರೀಕ್ಷೆಯ ಕಾಗದ ಯಾವುದಕ್ಕೆ ಪಕ್ಕಾ ಇದೆಯೋ ಅದು. ಕೂಡದ ಮೂಳೆಗೆ ಮಜ್ಜೆ. ಡಿಸ್ಕ್ ಜಾರಿದ ನಾಯಿಗೆ ಬೆಳೆಸುವಷ್ಟು ಸಮಯ ಇರುವುದಿಲ್ಲ. ಸರ್ಜನ್ ನೋಡಿದ ಮೇಲೆ ಬೇಕೆನಿಸಿದರೆ ದಾನಿ ಕೋಶವನ್ನು ವಿಚಾರಿಸಬಹುದು. ಕೈಯಲ್ಲಿ ಹಣ ಕಡಿಮೆ ಇದ್ದರೆ ತೂಕ ಇಳಿಸುವುದು, ಡಾಕ್ಟ್ರು ಬರೆದ ಮೆಲಾಕ್ಸಿಕಾಮ್ ಅಥವಾ ಕಾರ್ಪ್ರೊಫೆನ್ ಎಂಬ ನೋವಿನ ಔಷಧಿ, ಬೇಕಾದರೆ ಪಿಆರ್‌ಪಿ. ಇದರಲ್ಲಿ ನಾಯಿಗೆ ಮೋಸ ಮಾಡಿದಂತಾಗುವುದಿಲ್ಲ.

ಏನೇ ಆರಿಸಿದರೂ ಮಳೆಗಾಲದಲ್ಲಿ ಬೇಡ. ಪಾಚಿ ಹಿಡಿದ ಅಂಗಳದಲ್ಲಿ ನಾಯಿ ಒಮ್ಮೆ ಜಾರಿದರೆ ಹಾಕಿಸಿದ್ದು ವ್ಯರ್ಥ. ಜೂನ್‌ನಿಂದ ಕಾಯುವಷ್ಟು ದಿನ ಅಂಗಳಕ್ಕೆ ಅಡಿಕೆ ಸೋಗೆ ಹಾಸಿ, ಒಳಗಿನ ಟೈಲ್ಸ್ ಮೇಲೆ ಗೋಣಿಯೋ ರಬ್ಬರ್ ಮ್ಯಾಟೋ ಹಾಕಿ. ತುಲಾ ಮಳೆಯೂ (ಹಿಂಗಾರು) ಮುಗಿದ ಮೇಲೆ ನವೆಂಬರ್ ಸುಮಾರಿಗೆ ದಿನ ಗೊತ್ತುಮಾಡಿ. ಅದಕ್ಕೆ ಒಂದು ವಾರ ಮೊದಲು ನಾಯಿ ಮೆಟ್ಟಿಲು ಹತ್ತುವುದನ್ನು, ಕೂತಲ್ಲಿಂದ ಏಳುವುದನ್ನು ವಿಡಿಯೋ ಮಾಡಿಡಿ. ಹಾಕಿಸಿದ ಮೇಲೆ ಮೊದಲ ಕೆಲವು ವಾರ ಹಗ್ಗದಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ನಡೆಸಿ, ಓಡಲು ಬಿಡಬೇಡಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ ಅದೇ ಮೆಟ್ಟಿಲಲ್ಲಿ ಅದೇ ಹೊತ್ತಿಗೆ ಮತ್ತೆ ವಿಡಿಯೋ ತೆಗೆದು, ಮೂರನ್ನೂ ನಿಮ್ಮ ಡಾಕ್ಟ್ರಿಗೆ ತೋರಿಸಿ. ಎರಡನೇ ಡೋಸಿಗೆ ಹಣ ಕಟ್ಟುವುದೋ ಬೇಡವೋ ಅನ್ನುವುದನ್ನು ಆ ವಿಡಿಯೋ ನೋಡಿಯೇ ತೀರ್ಮಾನಿಸಿ.